ಆಷಾಢದಲ್ಲಿ ತಂದ ಟೈರು

ಕೀಲೆಣ್ಣೆಯ ವಾಸನೆ ಬಂತೆಂದರೆ ಅಪ್ಪ ಮನೆಗೆ ಬಂದ ಎಂದು ಅರ್ಥ. ಸುನಂದಮ್ಮ ಚಿಕ್ಕವಳಿದ್ದಾಗ ಚುಂಚನಕಟ್ಟೆಯ ಪಕ್ಕದ ತವರೂರಿನಲ್ಲಿ ಹಾಗಿತ್ತು. ಭತ್ತ ಹೇರಿಕೊಂಡು ಕೆ.ಆರ್. ನಗರದ ಮಿಲ್ಲಿಗೆ ಹೋದ ಗಾಡಿ ಎಷ್ಟು ಹೊತ್ತಿಗೆ ತಿರುಗಿ ಬರುತ್ತದೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಗಾಡಿಯ ಕೆಳಗೆ ಒಂದು ಬಿದಿರ ಗೊಟ್ಟ ನೇತಾಡುತ್ತಿತ್ತು. ಅದರ ತುಂಬ ಗಾಲಿಯ ಕೀಲಿಗೆ ಹಾಕಲು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ಎತ್ತಿನ ಗಂಟೆಯ ಸದ್ದಿಗಿಂತ ಮುಂಚೆ ಆ ವಾಸನೆ ಗಾಳಿಯಲ್ಲಿ ತೇಲಿ ಹಟ್ಟಿಯೊಳಗೆ ಬರುತ್ತಿತ್ತು. ಅವ್ವ ಒಲೆಯ ಮುಂದಿನಿಂದಲೇ, "ಬಂದ ಕಣವ್ವ ನಿಮ್ಮಪ್ಪ" ಎಂದು ಮುದ್ದೆಗೆ ಎಸರಿಡುತ್ತಿದ್ದಳು. ಆಮೇಲೆ ಮನೆಯವರೆಲ್ಲ ಮಾತಾಡುವ ದನಿಯೇ ಬೇರೆಯಾಗುತ್ತಿತ್ತು.

ಈಗ ಸುನಂದಮ್ಮನಿಗೆ ಅರವತ್ತು ದಾಟಿದೆ. ಮೈಸೂರಿನಲ್ಲಿ ಬಿ.ಎ. ಓದಿ, ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದವಳು. ಹೊಗೆಸೊಪ್ಪು ಕಡ್ಡಿಗೆ ಕಟ್ಟುತ್ತ, ಅದನ್ನು ಹದ ಮಾಡುವ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುತ್ತ, ಓದಿದ್ದರಲ್ಲಿ ಅರ್ಧ ಮರೆತಿದ್ದಾಳೆ. ಸಂಜೆಯಾದರೆ ಕಿವಿ ರಸ್ತೆಯ ಕಡೆಗೆ ಹೋಗುವ ಅಭ್ಯಾಸ ಮಾತ್ರ ಹೋಗಿಲ್ಲ. ಮಗ ರಘು, ಎನ್. ಬೇಗೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕೋಟೆ, ಸರಗೂರು ದಾಟಿ ಕಾಡಂಚು ಹಿಡಿದು ಹೋಗಬೇಕು. ಹೋಗಿ ಬಂದರೆ ನೂರು ಕಿಲೋಮೀಟರಿನ ಮೇಲೆ. ಬಸ್ಸು ನಂಬಿಕೊಂಡರೆ ಬೆಳಿಗ್ಗೆ ಪ್ರಾರ್ಥನೆಗೆ ತಲುಪುವುದಿಲ್ಲ, ಸಂಜೆಯ ಬಸ್ಸಿಗೆ ಕಾದರೆ ಆನೆ ಇಳಿಯುವ ಹೊತ್ತಾಗುತ್ತದೆ. ಹಾಗಾಗಿ ಮದುವೆಗೆ ಮುಂಚೆ ಆಸೆಪಟ್ಟು ಕೊಂಡಿದ್ದ ನಾನೂರು ಸಿಸಿಯ ಬೈಕೇ ಅವನಿಗೆ ಗತಿ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಸುನಂದಮ್ಮ ಒಗೆಯುವ ಕಲ್ಲಿನ ಮೇಲೆ ಅವನ ಪ್ಯಾಂಟು ಹರಡಿದಳು. ಬಲ ಮಂಡಿಯ ಹತ್ತಿರ ಬಟ್ಟೆ ಹರಿದಿತ್ತು. ಕೆಮ್ಮಣ್ಣು ಎಂದುಕೊಂಡು ಉಜ್ಜಿದಳು. ಅರ್ಧ ಮಣ್ಣು, ಅರ್ಧ ರಕ್ತ.

ಆ ದಿನವೆಲ್ಲ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದು ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗಂಡ ಮಹದೇವಪ್ಪನ ರಾಗ ಶುರುವಾಗಿತ್ತು.

"ಉಪ್ಸಾರಿಗೆ ಈರುಳ್ಳಿ ಜಜ್ಜಿ ಕೊಡವ್ವ ಅಂದ್ರೆ, ಬಿಲ್ಲೆ ಬಿಲ್ಲೆಯಾಗಿ ಕುಯ್ದು ಕೊಡ್ತೀಯಲ್ಲ. ಇದೇನು ಓಟ್ಲಾ?"

"ಜಜ್ಜಿದ್ರೆ ಮನೆಯೆಲ್ಲ ನಾತ ಮಾವ," ಎಂದಳು ಸೊಸೆ ರೂಪಶ್ರೀ, ಮುದ್ದೆ ಇಕ್ಕುತ್ತ. "ಬೆಳಗ್ಗೆ ಡೈರೀಲಿ ಹಾಲು ಮೂಸಿ ನೋಡ್ಬೇಕು ನಾನು. ಕೈಯೆಲ್ಲ ಈರುಳ್ಳಿ ಹೊಡೀತಿದ್ರೆ ಯಾರ ಹಾಲು ಹುಳಿ, ಯಾರ ಹಾಲು ಸಿಹಿ ಅಂತ ಹೇಳೋದು?" ಊರಿನ ಮಹಿಳಾ ಹಾಲಿನ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವುದು ಅವಳ ಕೆಲಸ.

"ರಘು, ಮಂಡಿ ತೋರ್ಸು," ಎಂದಳು ಸುನಂದಮ್ಮ.

"ಏನಿಲ್ಲ ಕಣವ್ವ. ಸ್ಕೂಲ್ ಬೆಂಚು ತಗುಲ್ತು."

"ನಿಮ್ಮ ಸ್ಕೂಲ್ ಬೆಂಚಿಗೆ ಕೆಮ್ಮಣ್ಣು ಬಳ್ದವ್ರಾ?"

ರಘು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ರೂಪಶ್ರೀಯ ಸೌಟು ಪಾತ್ರೆಯಲ್ಲೇ ನಿಂತಿತು.

"ಸರಗೂರು ಆಚೆ ತಿರುವಲ್ಲಿ ಹಿಂದಿನ ಚಕ್ರ ಜಾರ್ತು. ನಿಧಾನವಾಗೇ ಇದ್ದೆ. ಟೈರು ಸವೆದದೆ, ಬದಲಾಯಿಸ್ಬೇಕು."

"ಯಾವತ್ತು ಬಿದ್ದಿದ್ದು?"

"ಮೊನ್ನೆ."

"ಮೊನ್ನೆ ಬಿದ್ದು ಇವತ್ತು ಹೇಳ್ತಿದ್ದೀರ," ಎಂದಳು ರೂಪಶ್ರೀ. "ಅದೂ ಅತ್ತೆ ಬಟ್ಟೆ ಒಗೆಯೋಕೆ ಹೋಗಿದ್ದಕ್ಕೆ. ನಾನು ಒಗೆದಿದ್ರೆ ಅದನ್ನೂ ಮುಚ್ಚಾಕ್ತಿದ್ರಿ."

"ಅಪ್ಪ, ನಾನು ಬಿದ್ರೆ ನೀನು ಬಯ್ತೀಯ," ಎಂದಳು ಒಂದನೇ ಕ್ಲಾಸಿನ ಸಿಂಧು.

ಮಾರನೆಯ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಬೈಕಿನ ಸುತ್ತ ನಿಂತರು. ಹಿಂದಿನ ಟೈರು ನಡುವೆ ಚಪ್ಪಟೆಯಾಗಿ, ಗೀರುಗಳೆಲ್ಲ ಅಳಿಸಿಹೋಗಿ, ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ಕಾಣುತ್ತಿತ್ತು. ರಘು ಮೊಬೈಲಿನಲ್ಲಿ ಬೇರೆ ಬೇರೆ ಟೈರುಗಳ ಚಿತ್ರ ತೋರಿಸಿದ. ಅವನ ಕಣ್ಣಿದ್ದದ್ದು ಸ್ಪೋರ್ಟ್ ಟೂರಿಂಗ್ ಎನ್ನುವ ಜಾತಿಯ ಮೇಲೆ. ದೂರ ಓಡುವವರಿಗೆಂದು ಮಾಡಿದ್ದು, ಮಳೆಯಲ್ಲೂ ತಿರುವಿನಲ್ಲೂ ನೆಲ ಬಿಡುವುದಿಲ್ಲ ಎಂದ.

ಮಹದೇವಪ್ಪ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಬೆಲೆ ನೋಡಿ ವಾಪಸು ಕೊಟ್ಟ.

"ಇದ್ರಾಗೆ ಒಂದು ಕರ ಬತ್ತದೆ."

"ಕರು ಮೇಲೆ ಕೂತ್ಕೊಂಡು ಬೇಗೂರಿಗೆ ಹೋಗಕ್ಕಾಗತ್ತಾ ಮಾವ?" ಎಂದಳು ರೂಪಶ್ರೀ. "ನನ್ನ ಕೇಳಿದ್ರೆ ಬೈಕೇ ಮಾರಿ ಅಂತೀನಿ. ಮಾರಲ್ಲ ಅಂದ್ರೆ ಒಳ್ಳೇ ಟೈರಾದ್ರೂ ಹಾಕ್ಸಿ. ಇವತ್ತೇ."

"ಇವತ್ತೇನು? ಆಸಾಡ ಉಟ್ಟದೆ. ಗಾಡಿಗೆ ಒಸ ಗಾಲಿ ಆಸಾಡದಾಗೆ ಯಾರು ಆಕ್ತಾರೆ? ಶ್ರಾವಣ ಬರ್ಲಿ."

"ಆಷಾಢ ಅಂತ ಮಳೆ ನಿಲ್ತದಾ?"

"ಮಳೆ ನಿಲ್ಲಾಕಿಲ್ಲ ಕಣವ್ವ. ಅದ್ಕೇ ಯೋಳ್ತಿರೋದು. ಕೇಡುಗಾಲದಾಗೆ ಒಸದು ಮುಟ್ಬಾರ್ದು."

ಸುನಂದಮ್ಮ ಇಬ್ಬರ ಮಾತಿಗೂ ತಲೆಯಾಡಿಸಿದಳು. ಓದಿದವಳು, ಆಷಾಢವನ್ನು ನಂಬಬಾರದೆಂದು ಅವಳಿಗೆ ಗೊತ್ತು. ಆದರೆ ಮಗನ ವಿಷಯದಲ್ಲಿ ನಂಬದೆ ಇರುವ ಧೈರ್ಯವೂ ಅವಳಿಗಿರಲಿಲ್ಲ. ಅವಳು ಹಾಗೆ ತಲೆಯಾಡಿಸಿದ್ದರಿಂದಲೇ ಟೈರು ತರುವುದು ಮುಂದಕ್ಕೆ ಹೋಯಿತು. ರಘು ಹಳೆಯ ಟೈರಿನಲ್ಲೇ ಓಡಾಡಿದ.

ಆ ದಿನಗಳು ಅವಳಿಗೆ ಬಲು ಉದ್ದವಾದವು. ಬೆಳಿಗ್ಗೆ ಅವನ ಡಬ್ಬಿಗೆ ಚಿತ್ರಾನ್ನ ಹಾಕಿ ಮುಚ್ಚಳ ಒತ್ತುವಾಗ ಕೈ ಸ್ವಲ್ಪ ಹೆಚ್ಚೇ ಒತ್ತುತ್ತಿತ್ತು. ಸಂಜೆ ಸ್ನಾನದ ನೀರಿಗೆ ಬೇಗ ಬೆಂಕಿ ಹಾಕುತ್ತಿದ್ದಳು. ನೀರು ಕಾದು, ಆರಿ, ಮತ್ತೆ ಕಾಯುತ್ತಿತ್ತು. ರೂಪಶ್ರೀ ಸಿಂಧುವಿಗೆ ಮಗ್ಗಿ ಹೇಳಿಕೊಡುತ್ತ ಒಂದೇ ಮಗ್ಗಿಯನ್ನು ಎರಡು ಸಲ ಹೇಳಿಸುತ್ತಿದ್ದಳು. ಮಹದೇವಪ್ಪ ಬ್ಯಾರನ್ನಿನ ಬಾಗಿಲಲ್ಲಿ ಬೆಂಕಿಗೆ ಕಟ್ಟಿಗೆ ನೂಕುವವನು ಆಗಾಗ ಎದ್ದು ರಸ್ತೆಯ ತನಕ ಹೋಗಿ, ಏನೂ ನೋಡಲು ಹೋಗಿರಲಿಲ್ಲ ಎನ್ನುವವನಂತೆ ಒಂದು ಒಣ ಕೊಂಬೆ ಎಳೆದುಕೊಂಡು ಬರುತ್ತಿದ್ದ. ಪಕ್ಕದ ಮನೆಯ ಬೀರಮ್ಮನಿಗೆ ಕಿವಿ ಮಂದ, ಟಿವಿಯನ್ನು ಊರಿಗೆಲ್ಲ ಕೇಳುವಂತೆ ಇಡುವವಳು. ಒಂದು ಸಂಜೆ ಸುನಂದಮ್ಮ ಜಗಲಿಯ ತುದಿಯಲ್ಲಿ ಕತ್ತು ಚಾಚಿ ನಿಂತದ್ದನ್ನು ಕಿಟಕಿಯಿಂದ ನೋಡಿದಳು. ಅಂದಿನಿಂದ ಅವಳ ಟಿವಿ ಬೈಕು ಬಂದು ನಿಲ್ಲುವ ತನಕ ಮೂಕವಾಗಿ ಓಡುತ್ತಿತ್ತು. ಇಬ್ಬರೂ ಆ ವಿಷಯ ಮಾತಾಡಲಿಲ್ಲ.

ಒಂದು ದಿನ ಪಿರಿಯಾಪಟ್ಟಣಕ್ಕೆ ನಂಟರ ಮನೆಗೆಂದು ಹೋದ ಮಹದೇವಪ್ಪ ಮಧ್ಯಾಹ್ನ ಬಸ್ಸಿನಿಂದ ಒಂದು ಟೈರು ಹೆಗಲಿಗೆ ಹಾಕಿಕೊಂಡು ಇಳಿದ. ದಪ್ಪ ದಪ್ಪ ಗುಬುಟಿನ ಟೈರು, ಟ್ರ್ಯಾಕ್ಟರಿನದರ ಮರಿಯ ಹಾಗೆ. ಅಂಗಳದಲ್ಲಿ ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, ಮಗ ಬರುವ ತನಕ ಅದರ ಪಕ್ಕದಲ್ಲೇ ಕೂತಿದ್ದ.

"ನೋಡು, ಯಂಗೆ ಕಚ್ಕತದೆ ನೆಲವ. ಕೆಸ್ರು ಅಲ್ಲ, ಬಂಡೆ ಮ್ಯಾಲೂ ಜಾರಾಕಿಲ್ಲ."

"ಆಷಾಢದಲ್ಲಿ ಹೊಸದು ಮುಟ್ಬಾರ್ದು ಅಂದ್ರಲ್ಲ ಮಾವ," ಎಂದಳು ರೂಪಶ್ರೀ.

"ಇನ್ನೂ ಕಾಸು ಕೊಟ್ಟಿಲ್ಲ ಕಣವ್ವ. ಶ್ರಾವಣದಾಗೆ ಕೊಡ್ತೀನಿ ಅಂತ ಯೋಳಿ ತಂದಿವ್ನಿ. ಕಾಸು ಕೊಡಾಗಂಟ ಅದು ನಮ್ದಲ್ಲ."

ರಘು ಟೈರನ್ನು ತಿರುಗಿಸಿ ಅಂಚಿನಲ್ಲಿ ಒತ್ತಿದ್ದ ಅಂಕಿಗಳನ್ನು ಹುಡುಕಿದ. ಓದಲಾಗದೆ ತಾಯಿಯ ಕನ್ನಡಕ ಕೇಳಿದ. ಅದರ ಒಂದು ಕಡ್ಡಿ ಮುರಿದಿತ್ತು. ಸುನಂದಮ್ಮ ಅದನ್ನು ಕೈಯಲ್ಲಿ ಹಿಡಿದೇ ಬಗ್ಗಿ ಓದಿದಳು. ಯಾವ ವಾರ, ಯಾವ ವರ್ಷ ಮಾಡಿದ್ದೆಂದು ಅದರಲ್ಲೇ ಇತ್ತು. ಟೈರು ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಮಲಗಿದ್ದು ಎದ್ದು ಬಂದಿತ್ತು. ಅಗಲವೂ ಸಾಲದು.

"ಇದು ಆಗಲ್ಲ ಅಪ್ಪ."

"ಯಾಕಾಗಲ್ಲ? ಒಂಚೂರೂ ಸವೆದಿಲ್ಲ."

"ಮಾವ, ಇದು ಎತ್ತಿನ ಗಾಡಿಯಲ್ಲ, ಸಿಕ್ಕಿದ ಗಾಲಿ ಸಿಗಿಸೋಕೆ," ಎಂದಳು ರೂಪಶ್ರೀ. "ಇದು ಹಾಕ್ಕೊಂಡು ಇವರು ಇನ್ನೊಂದು ಸಲ ಬಿದ್ರೆ, ಎಬ್ಬಿಸೋಕೆ ಆನೆ ಬರುತ್ತಾ?"

ಮಾತು ಹೊರಬಿದ್ದ ಮೇಲೆ ಅವಳಿಗೂ ಹೆಚ್ಚಾಯಿತೆನಿಸಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಹದೇವಪ್ಪ ಟೈರನ್ನು ಎತ್ತಿ ಕೊಟ್ಟಿಗೆಯ ಗೋಡೆಗೆ ಒರಗಿಸಿ, ಬ್ಯಾರನ್ನಿನ ಕಡೆಗೆ ಹೋದ. ರಾತ್ರಿ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ. ಈರುಳ್ಳಿಯ ಬಿಲ್ಲೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಟೈರಿನ ಬಗ್ಗೆ ಮನೆಯಲ್ಲಿ ಅವನಿಗೆ ಯಾರೂ ಏನೂ ಹೇಳದೆ ಇರುವ ಅಭ್ಯಾಸ ಶುರುವಾದದ್ದು ಅಂದಿನಿಂದಲೇ. ಯಾರೂ ಹಾಗೆಂದು ತೀರ್ಮಾನ ಮಾಡಿರಲಿಲ್ಲ. ಅವನು ಬಂದಾಗ ಮಾತು ನಿಲ್ಲುತ್ತಿತ್ತು, ಅಷ್ಟೆ.

ಮುಂದಿನ ಭಾನುವಾರ ಕನ್ನಡಕ ಸರಿಮಾಡಿಸುವ ನೆಪದಲ್ಲಿ ಸುನಂದಮ್ಮ ಮಗನ ಜೊತೆ ಬಸ್ಸಿನಲ್ಲಿ ಹುಣಸೂರಿಗೆ ಹೋದಳು. ಟೈರಿನ ಅಂಗಡಿಯ ಗಂಗಾಧರಪ್ಪ ಕಡಲೆಕಾಯಿ ಸುಲಿಯುತ್ತಿದ್ದವನು ತನ್ನ ಕುರ್ಚಿಯನ್ನೇ ಅವಳ ಕಡೆಗೆ ತಳ್ಳಿ, ತಾನು ಒಂದು ಲಾರಿ ಟೈರಿನ ಮೇಲೆ ಕೂತ. ಅವಳ ಮುಂದೆ ಒಂದು ಹಿಡಿ ಕಡಲೆಕಾಯಿಯನ್ನೂ ಇಟ್ಟ.

"ಮೇಷ್ಟ್ರೆ, ನೀವು ಎಲ್ಲ ಮೊಬೈಲಲ್ಲಿ ಓದ್ಕೊಂಡೇ ಬಂದಿರ್ತೀರ. ಆದ್ರೂ ಹೇಳ್ತೀನಿ. ಈ ಗಟ್ಟಿ ರಬ್ಬರಿಂದು ಬಾಳಿಕೆ ಬರುತ್ತೆ, ಮಳೇಲಿ ಮಾತ್ರ ನಾನು ಜವಾಬ್ದಾರಿ ಅಲ್ಲ. ಗುಬುಟಿಂದು ಕೆಸರಿಗೆ ಸರಿ, ಟಾರ್ ರಸ್ತೇಲಿ ತಿರುಗಿಸ್ದಾಗ ಕುಣಿಯುತ್ತೆ. ನೀವು ಕೇಳ್ತಿರೋ ಸ್ಪೋರ್ಟ್ ಟೂರಿಂಗು ನಡುವೆ ಗಟ್ಟಿ, ಅಕ್ಕಪಕ್ಕ ಮೆತ್ತಗೆ. ನೀರನ್ನ ಗೀರಿನಲ್ಲಿ ಹಿಡಿದು ಆಚೆ ಎಸೆಯುತ್ತೆ. ಆದ್ರೆ ರೇಟು ಜಾಸ್ತಿ, ಆಯಸ್ಸು ಕಮ್ಮಿ. ಯೋಚ್ನೆ ಮಾಡಿ."

"ಯಾರ ಆಯಸ್ಸು?" ಎಂದಳು ಸುನಂದಮ್ಮ.

"ಟೈರಿಂದು ಕಣಮ್ಮ."

"ಹಾಗಾದ್ರೆ ಅದನ್ನೇ ಹಾಕಿ. ಟೈರು ಸವೀಲಿ. ಇವನ ಮಂಡಿ ಸವೆಯೋದು ಬೇಡ."

ಗಂಗಾಧರಪ್ಪ ನಕ್ಕು, ಮೈಸೂರಿಗೆ ಫೋನು ಮಾಡಿ ಎರಡು ಟೈರು ಹೇಳಿದ. ದುಡ್ಡು ರೂಪಶ್ರೀಯ ಸಂಘದ ಉಳಿತಾಯದಿಂದ ಬಂದಿತ್ತು. ಸಿಂಧುವಿಗೆ ಕಿವಿಯೋಲೆಗೆಂದು ಇಟ್ಟಿದ್ದು. ಅದನ್ನು ಕೊಡುವಾಗ ಅವಳು, "ಕಿವಿ ಎಲ್ಲೂ ಹೋಗಲ್ಲ" ಎಂದಷ್ಟೇ ಅಂದಿದ್ದಳು.

ಹೊರಡುವಾಗ ಗಂಗಾಧರಪ್ಪ ಹೇಳಿದ: "ಇನ್ನೊಂದು ಮಾತು. ಹೊಸ ಟೈರು ಅಚ್ಚಿನಿಂದ ಬಂದಾಗ ಮೈ ನುಣುಪಾಗಿರುತ್ತೆ. ಹಾಕಿಸ್ಕೊಂಡ ಮೇಲೆ ಮೊದಲು ಮೂರು ನಾಲ್ಕು ದಿನ ಬಗ್ಗಿಸ್ಬೇಡಿ, ಜೋರಾಗಿ ಬ್ರೇಕ್ ಹಿಡೀಬೇಡಿ. ಆ ನುಣುಪು ಸವೆದು ಬೂದು ಬಣ್ಣ ತಿರುಗೋ ತನಕ ಜಾರುತ್ತೆ."

ಸುನಂದಮ್ಮ ಮನೆಗೆ ಬಂದು ಆ ಮಾತನ್ನು ರೂಪಶ್ರೀಗೆ ಹೇಳಿದಳು. ರೂಪಶ್ರೀ ರಘುವಿಗೆ ಮತ್ತೆ ಹೇಳಿದಳು. ಸಿಂಧು ಅದನ್ನು ಪಾಠದ ಹಾಗೆ ಬಾಯಿಪಾಠ ಮಾಡಿದಳು. ಬ್ಯಾರನ್ನಿನ ಬಾಗಿಲಲ್ಲಿ ಕೂತಿದ್ದವನಿಗೆ ಯಾರೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟವನೇ ಹುಣಸೂರಿಗೆ ಹೋಗಿ ರಘು ಟೈರು ಹಾಕಿಸಿಕೊಂಡು ಬಂದ. ಅವತ್ತು ಬಿಸಿಲಿತ್ತು, ರಸ್ತೆ ಒಣಗಿತ್ತು. ಬೈಕು ಕೊಟ್ಟಿಗೆಯ ಸೂರಿನಡಿ ಹೊಸ ಕಾಲುಂಗುರ ತೊಟ್ಟವಳಂತೆ ನಿಂತಿತು. ಮಹದೇವಪ್ಪ ಬಂದು ಒಂದು ಸುತ್ತು ಸುತ್ತಿ ನೋಡಿದ.

"ನಿಂಬೆಅಣ್ಣು ತುಳಿಸ್ದ್ಯಾ?"

"ಪೂಜೆ ಎಲ್ಲ ಶ್ರಾವಣದಲ್ಲಿ ಮಾಡೋಣ ಅಪ್ಪ. ಆಷಾಢದಲ್ಲಿ ಯಾಕೆ?"

ಅದು ಸಮಾಧಾನಕ್ಕೆಂದು ಆಡಿದ ಮಾತು. ಆದರೆ ಮಹದೇವಪ್ಪನ ಮುಖ ಇನ್ನೂ ಸಣ್ಣಗಾಯಿತು. ಏನೋ ಹೇಳಲು ಹೊರಟು, ಸೊಸೆ ಹಾಲಿನ ಕ್ಯಾನು ತರುತ್ತಿದ್ದುದನ್ನು ಕಂಡು ಸುಮ್ಮನಾದ.

ಸೋಮವಾರ ಮೋಡ ಕವಿದು ಜಡಿಮಳೆ ಹಿಡಿದಿತ್ತು. ರೂಪಶ್ರೀ ಡೈರಿಗೆ ಹೋಗಿದ್ದಳು. ರಘು ರೈನ್‌ಕೋಟು ಹಾಕಿಕೊಂಡು, ಡಬ್ಬಿಯನ್ನು ಬ್ಯಾಗಿಗೆ ಇಳಿಸಿ, ಅರ್ಧ ಬೆಳಕಿನಲ್ಲೇ ಹೊರಟ. ಸುನಂದಮ್ಮ ಬೈಕಿನ ಸದ್ದು ರಸ್ತೆಯ ತಿರುವಿನಲ್ಲಿ ಕರಗುವ ತನಕ ನಿಂತಿದ್ದು, ಕಸ ಬಳಿಯಲು ಕೊಟ್ಟಿಗೆಗೆ ಬಂದಳು.

ಸೂರಿನಡಿಗೆ ಕಾಲಿಟ್ಟಾಗ ಆ ವಾಸನೆ ಬಂತು. ಒಂದು ಗಳಿಗೆ ಅವಳ ಮೈಯೆಲ್ಲ ಹಗುರವಾಯಿತು. ಗಾಡಿ ಬಂತು, ಅಪ್ಪ ಬಂದ, ಅವ್ವ ಎಸರಿಡುತ್ತಾಳೆ. ಮರುಗಳಿಗೆಗೆ ಕಣ್ಣು ಕಂಬಕ್ಕೆ ಸಿಗಿಸಿದ್ದ ಒಂದು ಬಟ್ಟೆಯ ಚೂರಿನ ಮೇಲೆ ಬಿತ್ತು. ಮುಟ್ಟಿದಳು. ಹರಳೆಣ್ಣೆ, ಕರಿ. ಬೈಕು ನಿಂತಿದ್ದ ಕಡೆ ನೆಲದ ಮೇಲೆ ಎರಡು ಕಪ್ಪು ಜಿಡ್ಡಿನ ಗುರುತಿದ್ದವು.

ಅವಳು ಮಳೆಯಲ್ಲೇ ಬ್ಯಾರನ್ನಿಗೆ ಹೋದಳು. ಮಹದೇವಪ್ಪ ಬೆಂಕಿಗೆ ಕಟ್ಟಿಗೆ ಸರಿಮಾಡುತ್ತಿದ್ದ.

"ಟೈರಿಗೆ ಏನು ಹಚ್ಚಿದ್ರಿ?"

"ಎಣ್ಣೆ ಕಣೆ." ಅವನ ದನಿಯಲ್ಲಿ ಎಷ್ಟೋ ದಿನದ ಮೇಲೆ ಒಂದು ಸಮಾಧಾನವಿತ್ತು. "ಆಸಾಡದಾಗೆ ಮನೆಗೆ ಬಂದ ಗಾಲಿ. ಪೂಜೆ ಇಲ್ಲ, ನಿಂಬೆಅಣ್ಣಿಲ್ಲ. ಕಾಡುದಾರಿಗೆ ಅಂಗೇ ಕಳ್ಸಾಕಾಯ್ತದಾ? ನಮ್ಮಪ್ಪ ಯಾವ ಗಾಲೀನೂ ಎಣ್ಣೆ ಕಾಣಿಸ್ದೆ ಈಚೆಗೆ ಬುಟ್ಟೋನಲ್ಲ. ಒತ್ತಾರೇನೇ ಎದ್ದು ಕರಿ ಕಲಸಿ ಆಕ್ದೆ."

"ಎಲ್ಲಿಗೆ ಹಾಕಿದ್ರಿ? ಪಕ್ಕಕ್ಕಾ?"

"ಸುತ್ತಲೂವೆ. ನೆಲ ಮುಟ್ಟೋ ತಾವು ಚೆನ್ನಾಗಿ ಉಜ್ಜಿವ್ನಿ. ರಬ್ಬರು ಒಡೀಬಾರ್ದು ನೋಡು."

ಸುನಂದಮ್ಮ ಸೊಪ್ಪಿನ ಕಡ್ಡಿಗಳ ರಾಶಿಯ ಮೇಲೆ ಕೂತುಬಿಟ್ಟಳು. ಅವಳ ಮುಖ ನೋಡಿ ಮಹದೇವಪ್ಪನ ಕೈ ನಿಂತಿತು.

"ಯಾಕೆ? ಏನಾಯ್ತು?"

"ಅದು ನೆಲ ಹಿಡೀಬೇಕಾದ ಜಾಗ ಕಣ್ರೀ. ಎಣ್ಣೆ ಹಾಕಿದ್ರೆ ಜಾರುತ್ತೆ. ಮೊದಲೇ ಜಾರುತ್ತೆ ಅಂತ ಅಂಗಡಿಯವರು ಹೇಳಿದ್ರು."

"ನಂಗ್ಯಾರು ಯೋಳಿದ್ರು?" ಎಂದ ಅವನು. ಸಿಟ್ಟಿನಿಂದಲ್ಲ. ಕೇಳಿ ತಿಳಿದುಕೊಳ್ಳುವವನ ಹಾಗೆ.

ರೂಪಶ್ರೀ ಡೈರಿಯಿಂದ ಬಂದಳು. ಅತ್ತೆ ಹೇಳಿದ್ದನ್ನು ಕೇಳಿದವಳೇ ಗಂಡನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಲು ಹೋದಾಗ ಸುನಂದಮ್ಮ ಅವಳ ಕೈ ಹಿಡಿದಳು.

"ಬೇಡ ಕಣೆ. ಓಡಿಸ್ತಾ ಫೋನ್ ತೆಗೆಯೋಕೆ ಹೋದ್ರೆ ಇನ್ನೂ ಕಷ್ಟ."

ಮಾಡಿದರೂ ಭಯ, ಮಾಡದಿದ್ದರೂ ಭಯ. ಆಮೇಲೆ ರೂಪಶ್ರೀಗೆ ಸ್ವಾಮಿಯ ನೆನಪಾಯಿತು. ಕೋಟೆಗೆ ಮೊದಲು ಹ್ಯಾಂಡ್‌ಪೋಸ್ಟಿನಲ್ಲಿ ಸ್ವಾಮಿಯ ಟೀ ಅಂಗಡಿ. ರಘು ದಿನವೂ ಅಲ್ಲಿ ನಿಲ್ಲುತ್ತಾನೆ.

"ಇನ್ನೂ ಬಂದಿಲ್ಲ ಕಣಕ್ಕ," ಎಂದ ಸ್ವಾಮಿ. "ಬಂದ್ರೆ ನಿಲ್ಲಿಸ್ಕತೀನಿ. ಬರ್ದೇ ಇದ್ರೆ ನಾನೇ ಆ ಕಡೆ ಒಂದು ರೌಂಡ್ ಓಗ್ಬತ್ತೀನಿ. ಗಾಬ್ರಿ ಆಗ್ಬೇಡಿ."

ಮೂವರೂ ಜಗಲಿಯಲ್ಲಿ ಕೂತರು. ಫೋನನ್ನು ನಡುವೆ ಚಾಪೆಯ ಮೇಲೆ ಇಟ್ಟಿದ್ದರು. ಮಳೆ ಹೆಂಚಿನಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ರೂಪಶ್ರೀ ಒಮ್ಮೆ ಮಾವನ ಕಡೆಗೆ ತಿರುಗಿದಳು.

"ಒಂದು ಮಾತು ಕೇಳ್ಬೋದಿತ್ತಲ್ಲ ಮಾವ."

"ಕೇಳಿದ್ರೆ ಗಾಡಿ ಗಾಲಿ ಅಂತೀರಿ."

ಅವಳು ತಲೆ ತಗ್ಗಿಸಿದಳು. ಸುನಂದಮ್ಮನಿಗೆ ಇಬ್ಬರಲ್ಲಿ ಯಾರ ಕಡೆಗೂ ನೋಡಲು ಆಗಲಿಲ್ಲ. ಆಷಾಢಕ್ಕೆ ಅವತ್ತು ಅಂಗಳದಲ್ಲಿ ತಲೆಯಾಡಿಸದೆ ಇದ್ದಿದ್ದರೆ ಎಂದುಕೊಂಡಳು; ಗುಬುಟಿನ ಟೈರಿನ ರಾತ್ರಿ ಗಂಡನ ಹಿಂದೆ ಎದ್ದು ಹೋಗಿದ್ದರೆ ಎಂದುಕೊಂಡಳು.

ಫೋನು ಅಲುಗಾಡಿತು. ರೂಪಶ್ರೀ ಗಾಬರಿಯಲ್ಲಿ ಸ್ಪೀಕರ್ ಒತ್ತಿದಳು. ರಘುವಿನ ದನಿ.

"ಸ್ವಾಮಿ ಅಂಗಡೀಲಿದ್ದೀನಿ. ಏನಿಲ್ಲ, ಮೊಣಕೈ ತರಚಿದೆ ಅಷ್ಟೆ. ಮನೆ ಬಿಟ್ಟಾಗ್ನಿಂದ ಹಿಂದಿನ ಚಕ್ರ ಅತ್ತಿತ್ತ ಆಡ್ತಾನೇ ಇತ್ತು. ಹೊಸದಲ್ವಾ ಅಂತ ಮೆಲ್ಲಗೆ ಬರ್ತಿದ್ದೆ. ಇಲ್ಲೇ ಹಂಪ್ಸ್ ಹತ್ರ ಬ್ರೇಕ್ ಮುಟ್ದೆ, ಮಲಗ್ಬಿಡ್ತು. ಡಬ್ಬಿ ಎಲ್ಲ ಚೆಲ್ಲೋಯ್ತು. ನೋಡಿದ್ರೆ ಟೈರ್ ತುಂಬ ಜಿಡ್ಡು. ಹೊಳೀಲಿ ಅಂತ ಅಂಗಡಿಯವರು ಏನೋ ಬಳ್ದು ಕಳಿಸಿದ್ದಾರೆ. ಸಂಜೆ ನೇರ ಹುಣಸೂರಿಗೇ ಹೋಗ್ತೀನಿ, ಆ ಗಂಗಾಧರಪ್ಪನ್ನ ಕೇಳ್ದೆ ಬಿಡಲ್ಲ. ನಂಬಿದ್ದಕ್ಕೆ ಇದಾ?"

ರೂಪಶ್ರೀ ಅತ್ತೆಯ ಮುಖ ನೋಡಿದಳು. ಸುನಂದಮ್ಮನ ಕಣ್ಣ ಮುಂದೆ ತಳ್ಳಿಕೊಟ್ಟ ಆ ಕುರ್ಚಿ, ಆ ಒಂದು ಹಿಡಿ ಕಡಲೆಕಾಯಿ ಬಂದವು. ಅವಳು ಮಾತು ಹುಡುಕುವಷ್ಟರಲ್ಲಿ ಮಹದೇವಪ್ಪ ಬಗ್ಗಿ ಫೋನನ್ನು ಚಾಪೆಯಿಂದ ಎತ್ತಿಕೊಂಡ.

"ರಘು, ಆಯಪ್ಪನ ತಂಟೆಗೆ ಓಗ್ಬೇಡ. ಎಣ್ಣೆ ಆಕಿದ್ದು ನಾನು."

ಆ ಕಡೆಯಿಂದ ಬರೀ ಮಳೆಯ ಸದ್ದು, ಲೋಟದ ಸದ್ದು.

"ನಾನು ಕಣಪ್ಪ. ಗಾಡಿ ಗಾಲಿಗೆ ಆಕ್ದಂಗೆ ಆಕ್ದೆ."

ರಘು ಎಂದ: "ಆಯ್ತು ಬುಡಪ್ಪ."

"ಎಲ್ಲಿ ಏಟಾಯ್ತು?"

"ಮೊಣಕೈ. ಸ್ವಾಮಿ ಅರಿಶಿನ ಹಾಕಿದಾನೆ."

ಸ್ವಾಮಿ ಫೋನು ಇಸಿದುಕೊಂಡು, ಇಡ್ಲಿ ಪಾತ್ರೆಯ ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಉಜ್ಜಿದ್ದೇವೆ, ಒಲೆಯ ಬೂದಿ ಹಾಕಿ ಮತ್ತೊಂದು ಸಲ ಉಜ್ಜುತ್ತೇವೆ, ಮೇಷ್ಟ್ರಿಗೆ ಮಧ್ಯಾಹ್ನಕ್ಕೆ ನಾಲ್ಕು ಇಡ್ಲಿ ಕಟ್ಟಿಕೊಡುತ್ತೇನೆ ಎಂದ. ಬೈಕು ಇಲ್ಲೇ ಬಿಡಿ ಎಂದರೂ ಕೇಳದೆ, ಜಿಡ್ಡು ಪೂರ್ತಿ ಹೋಯಿತೇ ಎಂದು ಅಂಗಡಿಯ ಮುಂದೆ ನಾಲ್ಕು ಸುತ್ತು ಓಡಿಸಿ ನೋಡಿ, ರಘು ಸ್ಕೂಲಿಗೆ ಹೋದನಂತೆ. ಹೋಗಿ ತಲುಪಿದ ಮೇಲೆ ಫೋನು ಮಾಡಿದ. ಆದರೆ ಸಂಜೆ ಅದೇ ದಾರಿಯಲ್ಲಿ ತಿರುಗಿ ಬರಬೇಕಿತ್ತಲ್ಲ.

ಮಹದೇವಪ್ಪ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸುನಂದಮ್ಮ ಕರೆಯಲು ಹೋದರೆ, "ಬೆಂಕಿ ಬುಟ್ಟು ಬರಾಕಾಗಲ್ಲ" ಎಂದ. ಟೀ ಕಳಿಸಿದರೆ ಲೋಟ ತುಂಬಿದ್ದು ತುಂಬಿದ ಹಾಗೆಯೇ ವಾಪಸಾಯಿತು. ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಗುಬುಟಿನ ಟೈರು ಕಾಣಲಿಲ್ಲ. ಪಿರಿಯಾಪಟ್ಟಣಕ್ಕೆ ಹೋಗುವ ಯಾರದೋ ಆಟೋದಲ್ಲಿ ಕಳಿಸಿಬಿಟ್ಟಿದ್ದ.

ಸಂಜೆ ಮಳೆ ನಿಂತಿತ್ತು. ಬೀರಮ್ಮನ ಟಿವಿ ಅವತ್ತು ಹಚ್ಚಿದ್ದೇ ಇಲ್ಲ. ಅವಳೇ ತನ್ನ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುವ ನೆಪ ಮಾಡಿಕೊಂಡು ಕೂತಿದ್ದಳು. ರಘು ದಿನವೂ ಬರುವ ಹೊತ್ತು ಮೀರಿತು. ಸುನಂದಮ್ಮ ನೀರೊಲೆಯ ಮುಂದಿನಿಂದ ಎದ್ದು ಬಾಗಿಲಿಗೆ, ಬಾಗಿಲಿನಿಂದ ನೀರೊಲೆಗೆ ಓಡಾಡಿದಳು. ಕೊನೆಗೆ ಬಂತು ಆ ಸದ್ದು, ಯಾವತ್ತಿಗಿಂತ ಮೆಲ್ಲಗೆ. ಸಿಂಧು ಓಡಿಹೋಗಿ ಟೈರನ್ನೇ ಮೊದಲು ನೋಡಿದಳು.

"ಅಜ್ಜಿ, ಬೂದು ಬಣ್ಣ ಬಂದದೆ."

ರಘು ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತ. ಮೊಣಕೈಯಲ್ಲಿ ಅರಿಶಿನ ಒಣಗಿ ಹಕ್ಕಳೆ ಎದ್ದಿತ್ತು. ಪಕ್ಕದ ಖಾಲಿ ಮಣೆಯನ್ನು ನೋಡಿದ.

"ಅಪ್ಪ ಉಂಡ್ತಾ?"

"ಬೆಳಗ್ಗೆಯಿಂದ ಇಲ್ಲ," ಎಂದಳು ಸುನಂದಮ್ಮ. ತಟ್ಟೆ ತೆಗೆದುಕೊಂಡು ತಾನೇ ಹೋಗೋಣವೆಂದು ಕೈ ಚಾಚಿದಳು. ಆದರೆ ತಟ್ಟೆ ಆಗಲೇ ಗೂಡಿನಲ್ಲಿ ಇರಲಿಲ್ಲ.

ಹಿತ್ತಿಲ ಕಡೆಯಿಂದ ಗುಂಡುಕಲ್ಲಿನ ಸದ್ದು ಬಂತು, ಎರಡೇ ಏಟು. ಸುನಂದಮ್ಮ ಹಿಂಬಾಗಿಲಿಗೆ ಬಂದು ನಿಂತಳು. ರೂಪಶ್ರೀ ಸೆರಗನ್ನು ತಲೆಗೆ ಎಳೆದುಕೊಂಡು, ಕೆಸರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬ್ಯಾರನ್ನಿನ ಕಡೆಗೆ ಹೋಗುತ್ತಿದ್ದಳು. ಬೆಂಕಿಯ ಬಾಯಿಯ ಕೆಂಪು ಬೆಳಕಿನಲ್ಲಿ ಮಹದೇವಪ್ಪ ಬೆನ್ನು ತಿರುಗಿಸಿ ಕೂತಿದ್ದ. ಅವಳು ಪಕ್ಕದಲ್ಲಿ ನಿಂತದ್ದು ಗೊತ್ತಾದರೂ ತಿರುಗಲಿಲ್ಲ.

ಅವಳು ಕರೆಯಲಿಲ್ಲ. ಬಗ್ಗಿ, ನೀರಿನ ಚೊಂಬನ್ನು ಕೆಳಗಿಟ್ಟು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು. ಬಿಸಿ ಮುದ್ದೆ, ಉಪ್ಸಾರು, ಅಂಚಿನಲ್ಲಿ ಒಂದು ಜಜ್ಜಿದ ಈರುಳ್ಳಿ. ಅದರ ಘಾಟು ಹಿಂಬಾಗಿಲ ತನಕ ಬಂದಿತ್ತು.

ಮಹದೇವಪ್ಪ ಕರಿ ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು ತಟ್ಟೆ ಇಸಿದುಕೊಂಡ.